ಕತ್ತಿನ ಮೇಲ್ಮೂಳೆಗೂ ನಿದ್ದೆಯ ಉಸಿರಿಗೂ ಏನು ಸಂಬಂಧ?

ಗೊರಕೆ ಹೊಡೆಯುವವರಿಗೆ ಒಳ್ಳೆಯ ನಿದ್ದೆ ಬರುತ್ತದೆ ಎಂದು ನಮ್ಮಲ್ಲಿ ಅನೇಕರು ನಂಬುತ್ತಾರೆ. ಕತ್ತು ನೋವಾದರೆ ದಿಂಬಿನ ಮೇಲೆ ದೋಷ ಹೊರಿಸುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ಕತ್ತಿನ ಮೇಲ್ಭಾಗದ ಮೂಳೆಗಳ ತೊಂದರೆಯಿಂದಲೇ ಕೆಲವರಿಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದುಂಟು. ಇದು ಅಪರೂಪ. ಆದರೆ ಗುರುತಿಸದೆ ಬಿಟ್ಟರೆ ಪ್ರಾಣಕ್ಕೇ ಅಪಾಯ.

ಕತ್ತಿನ ರಚನೆ

ಕತ್ತಿನಲ್ಲಿ 7 ಬೆನ್ನುಮೂಳೆಗಳಿವೆ. ಮೊದಲನೆಯದು ಬಳೆಯಾಕಾರದ 'ಅಟ್ಲಾಸ್'. ತಲೆಬುರುಡೆ ಕುಳಿತಿರುವುದು ಇದರ ಮೇಲೆ. ಎರಡನೆಯದು 'ಆಕ್ಸಿಸ್'. ಇದರಿಂದ ಮೇಲಕ್ಕೆ ಚಾಚಿದ ಗೂಟದಂಥ ಮೂಳೆ ಅಟ್ಲಾಸ್ ಬಳೆಯೊಳಗೆ ನಿಂತಿರುತ್ತದೆ. ಬೀಸುವ ಕಲ್ಲಿನ ಗೂಟದ ಸುತ್ತ ಮೇಲಿನ ಕಲ್ಲು ತಿರುಗುವಂತೆ ಈ ಗೂಟದ ಸುತ್ತ ತಲೆ ಎಡಬಲಕ್ಕೆ ತಿರುಗುತ್ತದೆ. ಗೂಟ ಅಲುಗದಂತೆ ಗಟ್ಟಿಯಾದ ತಂತುಪಟ್ಟಿಯೊಂದು ಬಿಗಿದು ಹಿಡಿದಿರುತ್ತದೆ.

ಅದರ ಹಿಂದೆಯೇ ಬೆನ್ನುಹುರಿ ಇದೆ. ಸ್ವಲ್ಪ ಮೇಲೆ ಮಿದುಳಿನ ಬುಡದಲ್ಲಿ, 'ಮೆಡುಲ್ಲಾ' ಎಂಬ ಭಾಗದಲ್ಲಿ ಉಸಿರಾಟವನ್ನು ನಡೆಸುವ ಕೇಂದ್ರವಿದೆ. ಉಸಿರೆಳೆಯುವ ಮುಖ್ಯ ಸ್ನಾಯುವಾದ ವಪೆಯ ನರ ಹೊರಡುವುದು ಕತ್ತಿನ 3, 4 ಮತ್ತು 5ನೇ ನರಬೇರುಗಳಿಂದ. ಅಂದರೆ ಕೇಂದ್ರದ ಅಪ್ಪಣೆ ವಪೆಗೆ ತಲುಪಲು ಈ ಇಕ್ಕಟ್ಟಿನ ದಾರಿಯಲ್ಲೇ ಇಳಿಯಬೇಕು. ಎಚ್ಚರವಿದ್ದಾಗ ನಾವು ಬೇಕೆಂದು ಉಸಿರೆಳೆದುಕೊಳ್ಳಬಹುದು. ನಿದ್ದೆಯಲ್ಲಿ ತಾನಾಗಿ ನಡೆಯುವ ಉಸಿರಾಟವೊಂದೇ ಗತಿ. ಆದ್ದರಿಂದ ಈ ದಾರಿಯ ತೊಡಕು ಮೊದಲು ರಾತ್ರಿಯಲ್ಲೇ ಕಾಣಿಸಿಕೊಳ್ಳಬಹುದು.

ಎರಡು ಬಗೆ

ಮೊದಲನೆಯದು ತಡೆಯಿಂದಾಗುವ ಉಸಿರುನಿಲುಗಡೆ. ಎದೆ ಏಳಲು ಯತ್ನಿಸುತ್ತಿರುತ್ತದೆ, ಗಂಟಲು ಮುಚ್ಚಿಕೊಂಡಿರುತ್ತದೆ. ಜೋರು ಗೊರಕೆ, ಥಟ್ಟನೆ ಮೌನ, ಮತ್ತೆ ಏದುಸಿರು. ಇದೇ ಹೆಚ್ಚು ಜನರಲ್ಲಿ ಕಾಣುವುದು. ಸಾಮಾನ್ಯ ಕಾರಣಗಳೆಂದರೆ ದೊಡ್ಡವರಲ್ಲಿ ಬೊಜ್ಜು, ಮಕ್ಕಳಲ್ಲಿ ಟಾನ್ಸಿಲ್ ಮತ್ತು ಅಡೆನಾಯ್ಡ್. ಕೆಲವೊಮ್ಮೆ ಕತ್ತಿನ ಮೂಳೆಯ ಮುಂಭಾಗದಲ್ಲಿ ಬೆಳೆದ ಮೊನೆಗಳು ಗಂಟಲಿನ ಹಿಂಗೋಡೆಯನ್ನು ಮುಂದಕ್ಕೆ ತಳ್ಳಿಯೂ ದಾರಿ ಕಿರಿದಾಗುತ್ತದೆ.

ಎರಡನೆಯದು ಕೇಂದ್ರದ ದೋಷ. ಇಲ್ಲಿ ಗಂಟಲು ತೆರೆದಿದ್ದರೂ ಅಪ್ಪಣೆಯೇ ಬರುವುದಿಲ್ಲ. ಎದೆ, ಹೊಟ್ಟೆ ಎರಡೂ ಅಲುಗುವುದಿಲ್ಲ. ಗೊರಕೆ ಇಲ್ಲದೆಯೂ ಇದು ಇರಬಹುದು. ಮೆಡುಲ್ಲಾ ಅಥವಾ ಮೇಲ್ಭಾಗದ ಬೆನ್ನುಹುರಿ ಒತ್ತಡಕ್ಕೆ ಸಿಕ್ಕಾಗ ಹೀಗಾಗಬಹುದು.

ಯಾರು ಎಚ್ಚರದಿಂದಿರಬೇಕು?

ಬಹುಕಾಲದ ರುಮಟಾಯ್ಡ್ ಸಂಧಿವಾತದವರಲ್ಲಿ ಆ ತಂತುಪಟ್ಟಿ ಸಡಿಲಗೊಂಡು ಅಟ್ಲಾಸ್ ಜಾರಬಹುದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಹೀಗಾಗುವುದುಂಟು. ಹುಟ್ಟಿನಿಂದಲೇ ಆಕ್ಸಿಸ್‌ನ ಗೂಟ ತಲೆಬುರುಡೆಯೊಳಕ್ಕೆ ಚಾಚಿರುವವರು, ಕಿರುಮಿದುಳಿನ ತುದಿ ಕತ್ತಿನೊಳಕ್ಕೆ ಇಳಿದಿರುವ 'ಕಿಯಾರಿ' ದೋಷದವರು, ಅಕಾಂಡ್ರೊಪ್ಲೇಸಿಯಾ ಎಂಬ ಕುಳ್ಳುತನದ ಶಿಶುಗಳು, ಕತ್ತಿನ ಮೇಲ್ಮೂಳೆಗೆ ಪೆಟ್ಟು ಅಥವಾ ಕ್ಷಯ ತಗುಲಿದವರೂ ಈ ಪಟ್ಟಿಗೆ ಸೇರುತ್ತಾರೆ.

ಕತ್ತು ನೋವಿರುವ ಎಲ್ಲರೂ ಹೆದರಬೇಕಾಗಿಲ್ಲ. ವಯಸ್ಸಾದವರನ್ನು ಕಾಡುವ 'ಸ್ಪಾಂಡಿಲೋಸಿಸ್' ಹೆಚ್ಚಾಗಿ ಕತ್ತಿನ ಕೆಳಭಾಗದ ಸವೆತ. ಅದಕ್ಕೂ ಈ ತೊಂದರೆಗೂ ಸಾಮಾನ್ಯವಾಗಿ ಸಂಬಂಧವಿರುವುದಿಲ್ಲ.

ಲಕ್ಷಣಗಳು

ಬೆಳಿಗ್ಗೆ ತಲೆಭಾರ, ಹಗಲೆಲ್ಲ ತೂಕಡಿಕೆ, ಮರೆವು, ರಾತ್ರಿ ಉಸಿರುಕಟ್ಟಿ ಏಳುವುದು. ಇವು ನಿದ್ದೆಯ ಕಡೆಯ ಸೂಚನೆಗಳು. ಹಿಂದಲೆಯಲ್ಲಿ ನೋವು, ಕೆಮ್ಮಿದಾಗ ಹೆಚ್ಚುವ ತಲೆನೋವು, ಕತ್ತು ಬಗ್ಗಿಸಿದಾಗ ಬೆನ್ನಿನಲ್ಲಿ ಕರೆಂಟು ಹರಿದಂತಾಗುವುದು, ಗುಂಡಿ ಹಾಕಲು ಬೆರಳು ಬಾರದಿರುವುದು, ನಡೆಯುವಾಗ ತೂರಾಡುವುದು, ನುಂಗಲು ಕಷ್ಟ. ಇವು ಕತ್ತಿನ ಕಡೆಯವು. ಎರಡೂ ಕಡೆಯ ಸೂಚನೆಗಳು ಒಬ್ಬರಲ್ಲೇ ಕಂಡರೆ ತಡಮಾಡಬೇಡಿ.

ಮಲಗಿದವರಿಗೆ ತಮ್ಮ ಉಸಿರು ನಿಲ್ಲುವುದು ತಿಳಿಯುವುದಿಲ್ಲ, ಮನೆಯವರೇ ನೋಡಬೇಕು. ದೊಡ್ಡವರಲ್ಲಿ 10 ಸೆಕೆಂಡು ಅಥವಾ ಹೆಚ್ಚು ಹೊತ್ತು ಉಸಿರು ನಿಂತರೆ ಅದನ್ನು ಒಂದು ನಿಲುಗಡೆ ಎಂದು ಎಣಿಸುತ್ತಾರೆ. ಉಸಿರು ನಿಲ್ಲುವುದು, ತೀರ ಕುಗ್ಗುವುದು ಎರಡೂ ಸೇರಿ ಗಂಟೆಗೆ 5ಕ್ಕಿಂತ ಹೆಚ್ಚಾದರೆ ಅಸಹಜ, 30 ಮೀರಿದರೆ ತೀವ್ರ.

ಪರೀಕ್ಷೆ, ಚಿಕಿತ್ಸೆ

ಇಡೀ ರಾತ್ರಿ ಮಲಗಿಸಿ ಮಾಡುವ ನಿದ್ರಾ ಪರೀಕ್ಷೆಯಿಂದ ಯಾವ ಬಗೆ ಎಂದು ತಿಳಿಯುತ್ತದೆ. ಕತ್ತು ಬಗ್ಗಿಸಿ, ಹಿಂದಕ್ಕೆ ಚಾಚಿ ತೆಗೆದ ಎಕ್ಸ್-ರೇಯಲ್ಲಿ ಅಟ್ಲಾಸ್‌ಗೂ ಗೂಟಕ್ಕೂ ನಡುವಿನ ಅಂತರ ದೊಡ್ಡವರಲ್ಲಿ 3 ಮಿಲಿಮೀಟರ್, ಮಕ್ಕಳಲ್ಲಿ 5 ಮಿಲಿಮೀಟರ್ ಮೀರಿದ್ದರೆ ಅನುಮಾನಿಸಬೇಕು. ಬೆನ್ನುಹುರಿಯ ಮೇಲಿನ ಒತ್ತಡವನ್ನು ಎಂ.ಆರ್.ಐ. ತೋರಿಸುತ್ತದೆ.

ಗಂಟಲಿನ ತಡೆಗೆ ತೂಕ ಇಳಿಸುವುದು ಮತ್ತು 'ಸಿಪ್ಯಾಪ್' ಯಂತ್ರ ಉಪಯುಕ್ತ. ಮೂಗಿನ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲನ್ನು ತೆರೆದಿಡುವ ಈ ವಿಧಾನವನ್ನು ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ವರದಿ ಮಾಡಿದರು. ಆದರೆ ಬೆನ್ನುಹುರಿ ಒತ್ತಿಹೋಗಿದ್ದರೆ ಯಂತ್ರವೊಂದೇ ಸಾಲದು. ನರಶಸ್ತ್ರವೈದ್ಯರು ಒತ್ತಡ ತೆಗೆದು, ಅಗತ್ಯವಿದ್ದರೆ ಮೂಳೆಗಳನ್ನು ಸ್ಕ್ರೂಗಳಿಂದ ಬಿಗಿಯಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕೇಂದ್ರಗಳಲ್ಲಿ ಇಂಥ ಚಿಕಿತ್ಸೆಯಿದೆ.

ನೆನಪಿಡಿ

* ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಗೆ ತೆಗೆಸಬೇಡಿ.
* ಮೇಲೆ ಹೇಳಿದ ಕಾಯಿಲೆಗಳಿದ್ದವರು ವೈದ್ಯರನ್ನು ಕೇಳದೆ ಶೀರ್ಷಾಸನ, ಲಾಗ, ಕತ್ತು ಎಳೆಸುವ ಚಿಕಿತ್ಸೆಗೆ ಹೋಗಬಾರದು.
* ನಿದ್ದೆಮಾತ್ರೆ, ಮದ್ಯ ಎರಡೂ ನಿದ್ದೆಯ ಉಸಿರಾಟವನ್ನು ಇನ್ನಷ್ಟು ಕೆಡಿಸಬಲ್ಲವು.
* ಯಾವುದೇ ಆಪರೇಷನ್ನಿಗೆ ಮುಂಚೆ ಅರಿವಳಿಕೆ ವೈದ್ಯರಿಗೆ ಸಂಧಿವಾತ, ಕತ್ತಿನ ತೊಂದರೆ, ಗೊರಕೆ ಎಲ್ಲವನ್ನೂ ತಿಳಿಸಿ. ಕೊಳವೆ ಹಾಕಲು ಅವರು ಕತ್ತನ್ನು ಹಿಂದಕ್ಕೆ ಬಾಗಿಸಬೇಕಾಗಬಹುದು.
* ಕೈಕಾಲು ಹಠಾತ್ತನೆ ಸೋತರೆ, ಮೂತ್ರದ ಹಿಡಿತ ತಪ್ಪಿದರೆ, ಉಸಿರಾಟ ಕಷ್ಟವಾದರೆ ಕತ್ತು ಅಲುಗದಂತೆ ನೋಡಿಕೊಂಡು ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯಲ್ಲಿ ಹಳೆಯ ಸಂಧಿವಾತದ ತಾಯಿಯೋ ಅಜ್ಜಿಯೋ ಇದ್ದರೆ, ಅವರು ನಿದ್ದೆ ಹೋದ ಮೇಲೆ ಅರ್ಧ ಗಂಟೆ ಪಕ್ಕದಲ್ಲಿ ಕುಳಿತು ಉಸಿರು ಗಮನಿಸಿ. ಕಂಡದ್ದನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ. ರೋಗಿ ತಾನಾಗಿ ಹೇಳಲಾರದ ಈ ವಿವರ ರೋಗ ಗುರುತಿಸಲು ಬಹಳ ನೆರವಾಗುತ್ತದೆ.