ಹಲ್ಲುನೋವೆಂದು ಹೇಳಲಾರದ ಮಗು

ಆಟಿಸಂ ಇರುವ ಏಳು ವರ್ಷದ ಹುಡುಗನೊಬ್ಬನನ್ನು ತಂದೆತಾಯಿ ನನ್ನ ಬಳಿ ಕರೆತಂದಿದ್ದರು. ಅವನಿಗೆ ಮಾತು ಬಾರದು. ಹದಿನೈದು ದಿನಗಳಿಂದ ರಾತ್ರಿ ನಿದ್ದೆಯಿಲ್ಲ, ಊಟದ ತಟ್ಟೆ ತಳ್ಳುತ್ತಾನೆ, ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಾನೆ. ‘ಹಟ ಜಾಸ್ತಿಯಾಗಿದೆ ಡಾಕ್ಟ್ರೇ, ನಿದ್ದೆಗೆ ಏನಾದರೂ ಕೊಡಿ’ ಎಂದರು. ನಾನೂ ಬಾಯಿ ನೋಡದೆ ಸಿರಪ್ ಬರೆದುಕೊಟ್ಟೆ. ಮುಂದಿನ ವಾರ ಕೆನ್ನೆ ಊದಿಕೊಂಡು ಬಂದಾಗ ತಿಳಿಯಿತು: ಕೆಳಗಿನ ದವಡೆಹಲ್ಲು ಹುಳುಕಾಗಿ ಬೇರಿನಲ್ಲಿ ಕೀವು ಕಟ್ಟಿತ್ತು. ಹಲ್ಲು ಕಿತ್ತ ಮೇಲೆ ‘ಹಟ’ವೂ ಇಳಿಯಿತು.

ಇಂಥ ಮಕ್ಕಳ ನಡವಳಿಕೆ ಇದ್ದಕ್ಕಿದ್ದಂತೆ ಬದಲಾದರೆ ಅದನ್ನು ಆಟಿಸಂನ ಲೆಕ್ಕಕ್ಕೆ ಬರೆಯಬೇಡಿ. ಮೊದಲು ಬಾಯಿ, ಕಿವಿ, ಹೊಟ್ಟೆ ಪರೀಕ್ಷೆಯಾಗಲಿ. ಒಂದೇ ಬದಿಯಲ್ಲಿ ಅಗಿಯುವುದು, ತಣ್ಣೀರು ಬೇಡವೆನ್ನುವುದು, ಕೈ ಕಚ್ಚಿಕೊಳ್ಳುವುದು, ಬಾಯಿಯ ದುರ್ವಾಸನೆ ಇವೆಲ್ಲ ಹಲ್ಲಿನತ್ತ ಬೆರಳು ತೋರಿಸುತ್ತವೆ. ಜ್ವರದೊಂದಿಗೆ ಮುಖ ಊದಿದರೆ ಅಂದೇ ವೈದ್ಯರನ್ನು ಕಾಣಿ.

ಆಟಿಸಂನಿಂದಲೇ ಹಲ್ಲು ಹುಳುಕಾಗುವುದಿಲ್ಲ. ಮೆತ್ತಗಿನ, ಸಿಹಿಯಾದ ತಿನಿಸೇ ಬೇಕೆನ್ನುವುದು, ತುತ್ತನ್ನು ನುಂಗದೆ ಕೆನ್ನೆಯೊಳಗೆ ಇಟ್ಟುಕೊಳ್ಳುವುದು, ಮಲಗುವಾಗ ಕುಡಿಸುವ ಸಿಹಿ ಸಿರಪ್ಪು, ಹೇಳಿದಂತೆ ಕೇಳಿದ್ದಕ್ಕೆ ಕೊಡುವ ಚಾಕೊಲೇಟು ಇವು ಕಾರಣಗಳು. ಬಹುಮಾನವಾಗಿ ಚಾಕೊಲೇಟಿನ ಬದಲು ಮಗುವಿಗೆ ಇಷ್ಟವಾದ ಆಟಿಕೆ, ಹಾಡು ಇರಲಿ. ಫಿಟ್ಸ್‌ಗೆ ಫೆನಿಟಾಯಿನ್ ಮಾತ್ರೆ ನುಂಗುವ ಮಕ್ಕಳಲ್ಲಿ ವಸಡು ದಪ್ಪಗೆ ಬೆಳೆಯಬಹುದು. ಹಾಗೆಂದು ನೀವೇ ಮಾತ್ರೆ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ.

ದೊಡ್ಡ ತೊಡಕೆಂದರೆ ಹಲ್ಲುಜ್ಜಿಸುವುದು. ನಮಗೆ ಹಿತವೆನಿಸುವ ಪೇಸ್ಟಿನ ಚುರುಕು, ನೊರೆ, ಬ್ರಶ್ಶಿನ ಸ್ಪರ್ಶ ಈ ಮಗುವಿಗೆ ಸಹಿಸಲಾಗದ ಹಿಂಸೆಯಾಗಿರಬಹುದು. ಕೈಕಾಲು ಹಿಡಿದು ಒತ್ತಾಯದಿಂದ ಉಜ್ಜಿದರೆ ನಾಳೆ ಬ್ರಶ್ ಕಂಡರೇ ಓಡುತ್ತದೆ. ಮೊದಲ ಕೆಲವು ದಿನ ಬ್ರಶ್ಶನ್ನು ತುಟಿಗೆ ಮುಟ್ಟಿಸಿದರೆ ಸಾಕು. ಆಮೇಲೆ ಮುಂದಿನ ಹಲ್ಲು, ಆಮೇಲೆ ದವಡೆ. ಗಟ್ಟಿಯಾಗಿ ಹತ್ತರವರೆಗೆ ಎಣಿಸಿ, ಹತ್ತಾದೊಡನೆ ನಿಲ್ಲಿಸಿ. ಕೊನೆ ಯಾವಾಗ ಎಂದು ಗೊತ್ತಾದರೆ ಮಗು ತಾಳಿಕೊಳ್ಳುತ್ತದೆ. ದಿನವೂ ಅದೇ ಹೊತ್ತು, ಅದೇ ಜಾಗ. ಮಗುವನ್ನು ಕನ್ನಡಿಯೆದುರು ಕೂರಿಸಿ ನೀವು ಹಿಂದೆ ನಿಂತರೆ ಕೈಗೆ ಅನುಕೂಲ. ಪುದೀನ ಪರಿಮಳವಿಲ್ಲದ, ನೊರೆ ಬಾರದ ಫ್ಲೋರೈಡ್ ಪೇಸ್ಟ್ ಹುಡುಕಿ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು. ಪೇಸ್ಟೇ ಬೇಡವೆಂದರೆ ಸದ್ಯಕ್ಕೆ ಬರೀ ನೀರಿನಲ್ಲಿ ಉಜ್ಜಿ.

‘ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ’ ಎನ್ನುವವರಿದ್ದಾರೆ. ಸುಮಾರು ಆರನೆಯ ವರ್ಷಕ್ಕೆ ಹಿಂಬದಿಯಲ್ಲಿ ಬರುವ ದವಡೆಹಲ್ಲು ಶಾಶ್ವತವಾದದ್ದು; ಅದನ್ನೂ ಹಾಲುಹಲ್ಲೆಂದೇ ತಿಳಿದು ಕೆಡಿಸಿಕೊಳ್ಳುವವರು ಬಹಳ.

ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸುವುದು ಎಲ್ಲ ಮಕ್ಕಳಿಗೂ ಒಳ್ಳೆಯದು. ಆಟಿಸಂ ಇದೆಯೆಂದು ಮುಂಚೆಯೇ ಫೋನಿನಲ್ಲಿ ತಿಳಿಸಿ ಬೆಳಗಿನ ಮೊದಲ ಸರದಿ ಕೇಳಿ, ಕಾಯುವುದು ತಪ್ಪುತ್ತದೆ. ಮೊದಲ ದಿನ ಕುರ್ಚಿಯಲ್ಲಿ ಕುಳಿತು ಎದ್ದುಬಂದರೂ ಸಾಕು. ದೀಪ ಕಣ್ಣಿಗೆ ಚುಚ್ಚಿದರೆ ಕಪ್ಪು ಕನ್ನಡಕ ಹಾಕಿ. ಯಂತ್ರದ ಸದ್ದು ತಡೆಯದ ಮಗುವಿಗೆ ಸಿಲ್ವರ್ ಡಯಮಿನ್ ಫ್ಲೋರೈಡ್ ಎಂಬ ದ್ರವ ಹಚ್ಚಿ ಹುಳುಕು ಬೆಳೆಯದಂತೆ ತಡೆಯಬಹುದೇ ಎಂದು ವಿಚಾರಿಸಿ. ಕೊರೆಯಬೇಕಿಲ್ಲ, ಸೂಜಿ ಬೇಕಿಲ್ಲ. ಹುಳುಕಿನ ಜಾಗ ಮಾತ್ರ ಕಪ್ಪಾಗುತ್ತದೆ.