ಸೊಳ್ಳೆ ದಾಖಲೆಯನ್ನು ತಿದ್ದುವುದು: ಎಂಟನೇ ತರಗತಿಯ ಒಂದು ಪಾಠ

ಸೂಕ್ಷ್ಮಜೀವಿಗಳ ಘಟಕದಲ್ಲಿ ಮಲೇರಿಯಾಕ್ಕೆ ಅನಾಫಿಲಿಸ್, ಡೆಂಗಿಗೆ ಈಡಿಸ್ ಎಂದು ಹೇಳಿ ಮುಂದೆ ಹೋಗುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಯಾವ ಸೊಳ್ಳೆ ಎಲ್ಲಿದೆ ಎಂದು ಬರೆದಿಡಲು ಅದು ಸಾಲದು. ಕಮಲಾಪುರದ ಬೋಧನಾಭ್ಯಾಸದಲ್ಲಿ ಎರಡು ಅವಧಿಗಳನ್ನು ಇದಕ್ಕೇ ಇಟ್ಟುಕೊಂಡೆ.

ಅನಾಫಿಲಿಸ್ ಒಂದು ಕುಲ. ಅದರ ಎಲ್ಲ ಪ್ರಭೇದಗಳೂ ಮಲೇರಿಯಾ ಹರಡುವುದಿಲ್ಲ. ಭಾರತದಲ್ಲಿ ಹರಡುವವುಗಳ ಪೈಕಿ ಸ್ಟೀಫೆನ್ಸಿ ಹೆಚ್ಚಾಗಿ ನಗರದ್ದು. ಕಲಬುರಗಿಯಂಥ ಊರಿನ ಮಾಳಿಗೆ ಮೇಲಿನ ಟಾಕಿ, ಬಾವಿ, ಕಟ್ಟಡ ಕೆಲಸದ ತೊಟ್ಟಿ ಅದಕ್ಕೆ ಒಗ್ಗುತ್ತವೆ. ಕ್ಯುಲಿಸಿಫೇಸಿಸ್ ಹಳ್ಳಿಯದು; ಕಾಲುವೆ, ಹಳ್ಳದ ಮಡು ಅದರ ಜಾಗ. ದಾಖಲೆಯಲ್ಲಿ ಹೆಸರು ತಪ್ಪಿದರೆ ಟಾಕಿಗೆ ಮುಚ್ಚಳ ಹಾಕಿಸಬೇಕಾದಲ್ಲಿ ಹಳ್ಳಕ್ಕೆ ಔಷಧ ಹೊಡೆಯುತ್ತಾರೆ.

ಮಕ್ಕಳು ನೀರು ತಂದರು. ಭೂತಗನ್ನಡಿ ಹಿಡಿದ ಒಬ್ಬಳು, "ಸರ, ಇದು ಅಡ್ಡ ಮಲ್ಕೊಂಡದರಿ" ಎಂದಳು. ಅದೇ ಗುರುತು. ಅನಾಫಿಲಿಸ್ ಲಾರ್ವಾಕ್ಕೆ ಉಸಿರುನಳಿಕೆ ಇಲ್ಲ, ನೀರಿನ ಮೇಲ್ಮೈಗೆ ಸಮಾಂತರವಾಗಿ ಮಲಗುತ್ತದೆ. ಈಡಿಸ್, ಕ್ಯುಲೆಕ್ಸ್ ತಲೆಕೆಳಗಾಗಿ ಜೋತುಬೀಳುತ್ತವೆ. ಅವಳ ಗುಂಪು "ಸ್ಟೀಫೆನ್ಸಿ, ಕಮಲಾಪುರ" ಎಂದು ಬರೆಯಿತು. ಕಾರಣ ಕೇಳಿದರೆ, ಟಾಕಿಯಲ್ಲಿ ಸಿಕ್ಕಿತು ಎಂಬ ಉತ್ತರ. ಜಾಗ ನೋಡಿ ಹೆಸರಿಟ್ಟು, ಆ ಹೆಸರಿನಿಂದಲೇ ಜಾಗದ ನಕಾಶೆ ಮಾಡಿದಂತಾಯಿತು. ಚರ್ಚೆಯ ನಂತರ ಅವರೇ ತಿದ್ದಿದರು: "ಅನಾಫಿಲಿಸ್ ಲಾರ್ವಾ, ಪ್ರಭೇದ ಗುರುತಿಸಿಲ್ಲ", ಜೊತೆಗೆ ದಿನಾಂಕ, ಪಾತ್ರೆ. ಪ್ರಭೇದ ಹೇಳಲು ಸೂಕ್ಷ್ಮದರ್ಶಕ ಬೇಕು, ಪಳಗಿದ ಕಣ್ಣೂ ಬೇಕು. ಇನ್ನೊಂದು ಗುಂಪಿನ "ಈಡಿಸ್ ಇಲ್ಲ" ಎಂಬುದು "ಇಂದು ಮೂರು ಪಾತ್ರೆಗಳಲ್ಲಿ ಕಾಣಲಿಲ್ಲ" ಎಂದಾಯಿತು. ನನಗೆ ಇದೇ ಹೆಚ್ಚಿನ ಕಲಿಕೆ ಎನಿಸಿತು.

ಎರಡನೇ ಅವಧಿಗೆ ಪ್ರಪಂಚದ ನಕಾಶೆ. ಹಳೆಯ ಪುಸ್ತಕಗಳಲ್ಲಿ ಸ್ಟೀಫೆನ್ಸಿ ದಕ್ಷಿಣ ಏಷ್ಯಾ ಮತ್ತು ಅರಬ್ ಪ್ರದೇಶದ ಸೊಳ್ಳೆ. 2012ರಲ್ಲಿ ಅದು ಆಫ್ರಿಕಾದ ಜಿಬೂಟಿಯಲ್ಲಿ, 2016ರಲ್ಲಿ ಇಥಿಯೋಪಿಯಾದಲ್ಲಿ ಸಿಕ್ಕಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ನೀಡಿತು. 2022ರಲ್ಲಿ ಇಥಿಯೋಪಿಯಾದ ದಿರೆ ದಾವಾ ನಗರದಲ್ಲಿ ಮಳೆಯಿಲ್ಲದ ಕಾಲದಲ್ಲೇ ಮಲೇರಿಯಾ ಹೆಚ್ಚಿತು. ಅಧ್ಯಯನಗಳು ಈ ಸೊಳ್ಳೆಯತ್ತ ಬೆರಳು ತೋರಿಸಿದವು. ತುಂಬಿಟ್ಟ ನೀರಿಗೆ ಮಳೆಗಾಲವೇನು, ಬೇಸಿಗೆಯೇನು!

ಹಾಗಾದರೆ ಹಳೆಯ ನಕಾಶೆ ಸುಳ್ಳೇ ಎಂದು ಒಬ್ಬ ಕೇಳಿದ. ಅಲ್ಲ, ಅದು ಅಂದಿನ ದಾಖಲೆ. ಅದನ್ನು ಅಳಿಸದೆ ಹೊಸ ಚುಕ್ಕೆ ಇಟ್ಟು ವರ್ಷ ಬರೆಯಬೇಕು. ಟಾಕಿಯ "ಸ್ಟೀಫೆನ್ಸಿ" ಮಾತ್ರ ಮೊದಲಿನಿಂದಲೂ ಊಹೆ. ಅದನ್ನು ಓದಲು ಬರುವಂತೆ ಒಂದು ಗೆರೆ ಎಳೆದು ಹೊಡೆದುಹಾಕಿ, ಕಾರಣ ಬರೆಯಬೇಕು.

ಈ ಪಾಠ ಮಾಡುವವರು ಲಾರ್ವಾ ಇರುವ ನೀರನ್ನು ಚರಂಡಿಗಲ್ಲ, ಒಣ ನೆಲಕ್ಕೆ ಚೆಲ್ಲಿಸಿ. ಡಬ್ಬಿಯನ್ನು ರಾತ್ರಿ ತರಗತಿಯಲ್ಲಿ ಬಿಡಬೇಡಿ.