ಬಾನೆಟ್ ಶಾಕರ್ ಸೋತಿದೆಯೇ? ಮುಂಜಾನೆ ಪರೀಕ್ಷಿಸಿರಿ



ಮಳೆ ಮುಗಿದು ಸುಗ್ಗಿ ಸಮೀಪಿಸಿದಾಗ ಜೊಯಿಡಾ, ಹಳಿಯಾಳ, ಮುಂಡಗೋಡ ಭಾಗದ ರೈತರು ಟ್ರ್ಯಾಕ್ಟರಿನ ಎಣ್ಣೆ, ನೀರು, ಬ್ಯಾಟರಿಗಳನ್ನು ತಪ್ಪದೆ ನೋಡುತ್ತಾರೆ. ಆದರೆ ಹೊಸ ಮಾದರಿಯ ಅನೇಕ ಟ್ರ್ಯಾಕ್ಟರುಗಳಲ್ಲಿ ಬಾನೆಟ್ಟನ್ನು ಮೇಲೆ ಎತ್ತಿ ಹಿಡಿಯುವ ಗ್ಯಾಸ್ ಶಾಕರನ್ನು ನೋಡುವವರು ಕಡಿಮೆ. ಅದು ಸೋತರೆ ಬಾನೆಟ್ಟು ಎಂಜಿನ್ ಮೇಲೆ ಬಗ್ಗಿದವರ ತಲೆಗೋ ಕೈಗೋ ಬೀಳುತ್ತದೆ.

ಶಾಕರಿನ ಕೊಳವೆಯಲ್ಲಿ ಅಧಿಕ ಒತ್ತಡದ ಸಾರಜನಕ ಅನಿಲ ಹಾಗೂ ಸ್ವಲ್ಪ ಎಣ್ಣೆ ಇರುತ್ತವೆ. ರಾಡು ಒಳಹೋಗುವ ಬಾಯಿಯಲ್ಲಿ ಸೀಲು ಇರುತ್ತದೆ. ಮಳೆಗಾಲದ ತೇವಕ್ಕೆ ರಾಡು ತುಕ್ಕು ಹಿಡಿದರೆ, ಆ ತುಕ್ಕು ಅರದಂತೆ ಸೀಲನ್ನು ಸವೆಸುತ್ತದೆ. ಆಗ ಅನಿಲ ಸೋರಿ ಬಲ ತಗ್ಗುತ್ತದೆ.

ಸೋತ ಶಾಕರಿನ ಲಕ್ಷಣಗಳು:

1. ಬಾನೆಟ್ ಎತ್ತಲು ಮೊದಲಿಗಿಂತ ಹೆಚ್ಚು ಶಕ್ತಿ ಬೇಕಾಗುವುದು.
2. ಎತ್ತಿದ ಬಾನೆಟ್ ನಿಧಾನವಾಗಿ ಇಳಿಯುವುದು ಅಥವಾ ಅರ್ಧಕ್ಕೇ ನಿಲ್ಲುವುದು.
3. ರಾಡಿನ ಬುಡದಲ್ಲಿ ಎಣ್ಣೆಯ ಜಿಡ್ಡು ಕಾಣುವುದು.
4. ರಾಡಿಗೆ ತುಕ್ಕು, ಗೀರು ಅಥವಾ ಬಾಗು ಬಂದಿರುವುದು.
5. ಎರಡು ಶಾಕರುಗಳಿದ್ದಲ್ಲಿ ಬಾನೆಟ್ ಒಂದು ಬದಿಗೆ ವಾಲುವುದು.

ಪರೀಕ್ಷೆಯನ್ನು ಚಳಿಗಾಲದ ಮುಂಜಾನೆ, ಎಂಜಿನ್ ಚಾಲೂ ಮಾಡುವ ಮೊದಲೇ ಮಾಡಬೇಕು. ಅನಿಲವು ತಂಪಾದಷ್ಟೂ ಅದರ ಒತ್ತಡ ಇಳಿಯುತ್ತದೆ. ಮಧ್ಯಾಹ್ನ 32 ಡಿಗ್ರಿ ಇದ್ದ ಉಷ್ಣತೆ ಬೆಳಗ್ಗೆ 12 ಡಿಗ್ರಿಗೆ ಇಳಿದರೆ, ಶಾಕರಿನ ಬಲ ನೂರಕ್ಕೆ ಸುಮಾರು 7 ಭಾಗ ಕುಗ್ಗುತ್ತದೆ. ಆದ್ದರಿಂದ ಬಿಸಿಲಿನಲ್ಲಿ ಗಟ್ಟಿಯಾಗಿ ನಿಂತ ಬಾನೆಟ್ಟು ಮರುದಿನ ಮುಂಜಾನೆ ಕುಸಿಯಬಹುದು. ಬಾನೆಟ್ ಎತ್ತಿ, ತಲೆ ಒಳಗೆ ಹಾಕದೆ, ಬದಿಯಲ್ಲಿ ನಿಂತು ಐದು ನಿಮಿಷ ಗಮನಿಸಿರಿ. ತುಸುವೂ ಇಳಿದರೆ ಶಾಕರ್ ಬದಲಿಸಬೇಕು. ಅಲ್ಲಿಯವರೆಗೆ ಗಟ್ಟಿಮರದ ಊರುಗೋಲು ಕೊಡದೆ ಒಳಗೆ ಕೈ ಹಾಕಕೂಡದು.

ಬದಲಿಸುವಾಗಲೂ ಮೊದಲು ಊರುಗೋಲು ಕೊಡಿರಿ. ಎರಡಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸುವುದು ಲೇಸು. ಕೊಳವೆಯ ಮೇಲೆ 400 ಎನ್ ಎಂಬಂತೆ ಬಲದ ಅಂಕೆ ಇರುತ್ತದೆ. ಇದು ಸುಮಾರು 40 ಕಿಲೋ ಭಾರಕ್ಕೆ ಸಮ. ಅದೇ ಅಂಕೆಯ, ಅದೇ ಉದ್ದದ ಶಾಕರನ್ನೇ ಕೊಳ್ಳಿರಿ. ಹಳೆಯದು ಇದ್ದ ದಿಕ್ಕಿನಲ್ಲೇ ಜೋಡಿಸಿರಿ. ಸಾಮಾನ್ಯವಾಗಿ ಬಾನೆಟ್ ಮುಚ್ಚಿದಾಗ ರಾಡು ಕೆಳಮುಖವಾಗಿರಬೇಕು; ಆಗ ಒಳಗಿನ ಎಣ್ಣೆ ಸೀಲನ್ನು ಒಣಗಲು ಬಿಡದು.

ರಾಡಿಗೆ ಗ್ರೀಸು ಹಚ್ಚಬೇಡಿರಿ, ಅದಕ್ಕೆ ಧೂಳು ಅಂಟುತ್ತದೆ. ಕೆಸರನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಹಳೆಯ ಶಾಕರನ್ನು ಕೊರೆಯುವುದು, ಬೆಸುಗೆ ಹಾಕುವುದು, ಬೆಂಕಿಗೆ ಎಸೆಯುವುದು ಅಪಾಯ. ಸೋತಂತೆ ಕಂಡರೂ ಒಳಗೆ ಒತ್ತಡ ಉಳಿದಿರುತ್ತದೆ, ಅದು ಸಿಡಿಯಬಹುದು. ಮಕ್ಕಳ ಕೈಗೆ ಸಿಗದಂತೆ ಇಟ್ಟು ಗ್ಯಾರೇಜಿಗೆ ಒಪ್ಪಿಸಿರಿ.